ಮೊಮ್ಮಗನ ಮಳವಳ್ಳಿ

ಮೊನ್ನೆ ಮದ್ದೂರಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬರು, "ಮೇಷ್ಟ್ರೇ, ತಾವೂ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದಿರಂತೆ?" ಎಂದು ನಕ್ಕರು. ಆಡಿದ್ದು ಮೊಮ್ಮಗ, ಪಕ್ಕದಲ್ಲಿ ಕುಳಿತು ತಪ್ಪು ಹುಡುಕಿದ್ದಷ್ಟೇ ನಾನು.

ಅದು ಸಿಮ್‌ಸಿಟಿ, 2003ರಲ್ಲಿ ಬಂದ ನಾಲ್ಕನೆಯ ಆವೃತ್ತಿ. ಬೇಸಿಗೆ ರಜೆಗೆ ಮಂಡ್ಯಕ್ಕೆ ಬಂದಾಗಲೆಲ್ಲ ನಮ್ಮ ಹಳೆಯ ಯಂತ್ರದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಅಕ್ಕಪಕ್ಕದಲ್ಲಿ ಮೂರು ಊರುಗಳನ್ನು ಕಟ್ಟುತ್ತಿದ್ದ. ಒಂದು ಊರು ನೆರೆಯೂರಿಗೆ ನೀರು, ವಿದ್ಯುತ್ತು ಮಾರಬಹುದಿತ್ತು. ಮಳವಳ್ಳಿಯಲ್ಲಿ ಗಾಳಿಯಂತ್ರಗಳನ್ನು ಕಂಡು ರೇಗಿದೆ: "ಅಲ್ಲಯ್ಯಾ, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ನಿನ್ನ ಜಲವಿದ್ಯುತ್ತೆಲ್ಲಿ?"

"ಈ ಆಟದಲ್ಲಿ ಅದಿಲ್ಲ ತಾತ."

2013ರ ಮಾರ್ಚ್ ತಿಂಗಳಲ್ಲಿ ಹೊಸ ಸಿಮ್‌ಸಿಟಿ ಬಂತು. ಅಂತರಜಾಲದ ಸಂಪರ್ಕವಿಲ್ಲದೆ ಅದನ್ನು ಆಡುವಂತಿರಲಿಲ್ಲ. ಮೊದಲ ದಿನಗಳಲ್ಲಿ ಸರ್ವರುಗಳೇ ಕುಸಿದವು. ಊರು ಕಟ್ಟಲು ಕೊಟ್ಟ ನೆಲವೂ ಕಿರಿದು. ದೇಶದೇಶಗಳ ಅಭಿಮಾನಿಗಳು ಸಿಡಿದೆದ್ದರು. ಆಟವೊಂದಕ್ಕೆ ಇಷ್ಟು ಕೋಪವೇ ಎಂದು ಮೊದಲು ನಕ್ಕಿದ್ದೆ. ಆದರೆ ನಮ್ಮ ಮನೆಯಲ್ಲಿ ಆಗ ಅಂತರಜಾಲವಿರಲಿಲ್ಲ. ಆ ಬೇಸಿಗೆ ಮೊಮ್ಮಗ ಬೆಂಗಳೂರಿನಲ್ಲೇ ಉಳಿದ. ಅಂದಿನಿಂದ ನಾನೂ ಅಭಿಮಾನಿಗಳ ಪಕ್ಷ!

ಮರುವರ್ಷ ಸಂಪರ್ಕವಿಲ್ಲದೆಯೂ ಆಡುವ ಅವಕಾಶವನ್ನು ಕೊಟ್ಟರು. ಅಷ್ಟರಲ್ಲಿ ಅವನು ಕಾಲೇಜು ಸೇರಿದ್ದ. 2015ರಲ್ಲಿ ಫಿನ್ಲೆಂಡಿನ ಸಣ್ಣ ತಂಡವೊಂದು 'ಸಿಟೀಸ್: ಸ್ಕೈಲೈನ್ಸ್' ಎಂಬ ಆಟವನ್ನು ತಂದಾಗ ಮುನಿದವರಲ್ಲಿ ಅನೇಕರು ಅತ್ತ ನಡೆದರು, ಇವನೂ ಹೋದ. ಒಂದು ರಾತ್ರಿ ಫೋನು ಮಾಡಿದ.

"ತಾತ, ಇದರಲ್ಲಿ ಅಣೆಕಟ್ಟು ಉಂಟು. ಶಿವನಸಮುದ್ರ ಕಟ್ಟಿದೆ."

"ವಿದ್ಯುತ್ತು ಮೊದಲು ಎಲ್ಲಿಗೆ?"

"ಮಂಡ್ಯಕ್ಕೆ, ನಿಮ್ಮ ಮನೆಗೆ."

ಕೋಲಾರಕ್ಕಲ್ಲವೇ ಎಂದು ತಿದ್ದಬೇಕೆನಿಸಿತು. ತಿದ್ದಲಿಲ್ಲ.