ಗುಪ್ತಪತ್ರದ ಬೇಟೆ

ಪತ್ತೇದಾರಿ ಕಾದಂಬರಿಗಳನ್ನು ಕೀಳಾಗಿ ಕಾಣುವುದು ವಿದ್ವಾಂಸರಲ್ಲಿ ಒಂದು ಸಂಪ್ರದಾಯವಾಗಿಬಿಟ್ಟಿದೆ. ನಾನು ಆ ಸಂಪ್ರದಾಯಕ್ಕೆ ಸೇರಿದವನಲ್ಲ. ಹಗಲೆಲ್ಲ ಮಕ್ಕಳಿಗೆ ಷಟ್ಪದಿಯ ಗಣವಿಭಾಗವನ್ನು ಹೇಳಿಕೊಟ್ಟು, ರಾತ್ರಿ ದೀಪದ ಮುಂದೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಹೋದ ಮಾಸ್ತರರು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇದ್ದಿರಲಾರೆನು. ಆ ಜಾತಿಯ ಕಥೆಗಳಲ್ಲಿಯೂ ನನಗೆ ಅತ್ಯಂತ ಪ್ರಿಯವಾದದ್ದು ಕಳೆದುಹೋದ ಗುಪ್ತಪತ್ರವನ್ನು ಹುಡುಕುವ ಕಥೆ. ಕೊಲೆಯ ಕಥೆಯಲ್ಲಿ ಸತ್ತವನು ಮೊದಲೇ ಸತ್ತಿರುತ್ತಾನೆ. ಅವನಿಗಾಗಿ ಇನ್ನು ಮಾಡತಕ್ಕದ್ದೇನೂ ಉಳಿದಿರುವುದಿಲ್ಲ. ಪತ್ರದ ಕಥೆಯು ಹಾಗಲ್ಲ. ಆ ಕಾಗದವು ಯಾರ ಕೈಗೆ ಬೀಳುವುದೋ ಎಂಬುದರ ಮೇಲೆ, ಇನ್ನೂ ಉಂಡು ತಿರುಗಾಡುತ್ತಿರುವ ಹಲವರ ಪ್ರಾಣವು ನಿಂತಿರುತ್ತದೆ.

ಈ ಬಗೆಯ ಕಥೆಯನ್ನು ನಾವು ವಿಲಾಯತಿಯಿಂದ ತರಿಸಿಕೊಂಡೆವೆಂದು ತಿಳಿದವರುಂಟು. ಅಂಥವರು ವಿಶಾಖದತ್ತನ ಮುದ್ರಾರಾಕ್ಷಸವನ್ನು ಒಮ್ಮೆ ಬಿಚ್ಚಿ ನೋಡಬೇಕು. ಯಮಪಟವನ್ನು ತೋರಿಸಿ ತಿರಿಯುವವನ ವೇಷದಲ್ಲಿ ಚಾಣಕ್ಯನ ಚಾರನೊಬ್ಬನು ಚಂದನದಾಸನ ಮನೆಯನ್ನು ಹೊಗುತ್ತಾನೆ. ಒಳಗಿನಿಂದ ಐದು ವರುಷದ ಹುಡುಗನೊಬ್ಬನು ಹೊರಗೆ ಇಣುಕುತ್ತಾನೆ. ಅವನನ್ನು ಹಿಂದಕ್ಕೆಳೆಯಲು ಬಾಗಿಲಾಚೆಯಿಂದ ಚಾಚಿದ ಹೆಣ್ಣುಮಗಳ ಕೈಯಿಂದ ಉಂಗುರವು ಜಾರಿ ಉರುಳುತ್ತ ಬಂದು ಚಾರನ ಕಾಲ ಬಳಿಯಲ್ಲಿ ನಿಲ್ಲುತ್ತದೆ. ಅದು ಅಮಾತ್ಯ ರಾಕ್ಷಸನ ಮುದ್ರೆಯುಂಗುರ. ಚಾಣಕ್ಯನು ಒಂದು ಪತ್ರವನ್ನು ಬರೆಯಿಸುತ್ತಾನೆ. ಬರೆದವರ ಹೆಸರಿಲ್ಲ, ಯಾರಿಗೆಂಬುದಿಲ್ಲ. ಆದರೆ ಮೇಲೆ ಆ ಮುದ್ರೆಯುಂಟು. ಒಂದು ರಾಜ್ಯವು ಕೆಡುವುದಕ್ಕೆ ಅಷ್ಟು ಸಾಕಾಯಿತು. ಇದೇ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ಹೇಳಿದನು. ಹೊಸಗನ್ನಡ ಗದ್ಯವು ಕಣ್ಣು ತೆರೆಯುವ ಹೊತ್ತಿಗೇ ಅದರ ಕೈಯಲ್ಲಿ ಒಂದು ಕಳ್ಳಪತ್ರವಿತ್ತೆಂಬುದು ನನ್ನಂಥವರಿಗೆ ಅಭಿಮಾನದ ಸಂಗತಿ.

ಚಾಣಕ್ಯನ ಹೆಸರಿನ ಗ್ರಂಥವಾದರೂ ಶತಮಾನಗಳವರೆಗೆ ಕಳೆದುಹೋಗಿಯೇ ಇತ್ತಲ್ಲವೆ? ಅರ್ಥಶಾಸ್ತ್ರದಿಂದ ಎತ್ತಿಕೊಂಡ ಮಾತುಗಳು ಅಲ್ಲಲ್ಲಿ ಸಿಕ್ಕುತ್ತಿದ್ದವು; ಗ್ರಂಥವು ಸಿಕ್ಕುತ್ತಿರಲಿಲ್ಲ. ತಂಜಾವೂರು ಸೀಮೆಯ ಪಂಡಿತನೊಬ್ಬನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ಓಲೆಗಳಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1905ರಲ್ಲಿ ಲೋಕಕ್ಕೆ ತಿಳಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಕಪಟ ಶಿಷ್ಯ, ಗೃಹಸ್ಥ, ವ್ಯಾಪಾರಿ, ತಾಪಸ ಮೊದಲಾದ ವೇಷಗಳ ಗೂಢಚಾರರನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಕಲಿಸುವ ಪುಸ್ತಕವು ತಾನೇ ಅಷ್ಟು ಕಾಲ ವೇಷ ಮರೆಸಿಕೊಂಡು ಓಲೆಗಂಟಿನಲ್ಲಿ ಕುಳಿತಿದ್ದಿತು! ಅದರಲ್ಲಿ ಒಂದು ನಿಯಮವಿದೆ: ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದಾದರೆ ಮಾತ್ರ ಅದನ್ನು ನಂಬತಕ್ಕದ್ದು. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸ ಬೀಳುವುದು.

ಈ ಎಲ್ಲ ವಿಚಾರಗಳು ನನ್ನ ತಲೆಯಲ್ಲಿ ಏಳುವುದಕ್ಕೆ ಕಾರಣನಾದವನು ಬನಹಟ್ಟಿಯ ಒಬ್ಬ ತರುಣ. ನೇಕಾರರ ಮನೆಯ ಹುಡುಗ. ನನ್ನ ಹಳೆಯ ವಿದ್ಯಾರ್ಥಿ. ಈಗ ತಾನೂ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾನೆ. ಆತನು ಒಂದು ಪತ್ತೇದಾರಿ ಕಾದಂಬರಿಯನ್ನು ಬರೆದು, ಹಸ್ತಪ್ರತಿಯನ್ನು ನನ್ನ ಕೈಯಲ್ಲಿಟ್ಟು ಹೋದನು. ಕಥೆಯು 1857ನೆಯ ಇಸವಿಯದು. ನಾನಾಸಾಹೇಬನ ಮುದ್ರೆಯುಳ್ಳ ಪತ್ರವೊಂದನ್ನು ಜಮಖಂಡಿಗೆ ತರುತ್ತಿದ್ದ ದೂತನು ದಾರಿಯಲ್ಲಿ ಕೊಲೆಯಾಗುತ್ತಾನೆ. ಪತ್ರವು ಕಾಣೆಯಾಗುತ್ತದೆ. ಸಂಸ್ಥಾನದವರೂ ಇಂಗ್ಲಿಷರ ಹೇರಿನವರೂ ಅದನ್ನು ಹುಡುಕುತ್ತ ಒಬ್ಬರನ್ನೊಬ್ಬರು ಮೋಸಗೊಳಿಸುತ್ತಾರೆ. ಪತ್ರವು ಕಡೆಗೆ ಹಲಗಲಿಯ ಬೇಡರ ಮನೆಯೊಂದಕ್ಕೆ ಸೇರುತ್ತದೆ. ಆ ಊರಿನವನೇ ಒಬ್ಬನು ಹಣದಾಸೆಗೆ ಸುದ್ದಿಯನ್ನು ಮಾರುತ್ತಾನೆ. ಪತ್ರಕ್ಕಾಗಿ ಊರು ಸುಡುತ್ತದೆ.

ನಡೆಸಿಕೊಂಡು ಹೋದ ಕೈ ಬಲು ಚುರುಕಾದದ್ದು. ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದರಲ್ಲಿಯೂ ಗಡಿಗಳ ಮೇಲೆ ದೂತನು ಆಡುವ ಆಟವನ್ನು ಬಣ್ಣಿಸಿದ್ದು ಬಹಳ ಚೆನ್ನಾಗಿದೆ. ಇಂದಿನ ಹುಡುಗರಿಗೆ ಆ ಕಾಲದ ನೆಲವು ಹೇಗೆ ಹರಿದು ಹಂಚಿಹೋಗಿತ್ತೆಂಬುದು ಊಹೆಗೂ ಬರಲಾರದು. ಬನಹಟ್ಟಿಯು ಜಮಖಂಡಿಯ ಪಟವರ್ಧನರದು. ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ಸಾಂಗಲಿಯವರದು. ಘಟಪ್ರಭೆಯ ದಂಡೆಯ ಮುಧೋಳವು ಘೋರಪಡೆಯವರದು. ಬೀಳಗಿಯ ಕಡೆಗೆ ಹೊರಳಿದರೆ ಕಂಪನಿಯ ಖಾಲಸಾ ಮುಲಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವನು ಆ ಬುತ್ತಿ ಮುಗಿಯುವುದರೊಳಗೆ ಮೂರು ದೊರೆಗಳ ಗಡಿಯನ್ನು ದಾಟಬಹುದಿತ್ತು. ಗೂಢಚಾರನಿಗೆ ಇದಕ್ಕಿಂತ ಒಳ್ಳೆಯ ಸೀಮೆ ಇನ್ನೆಲ್ಲಿ ಸಿಕ್ಕೀತು?

ಸಂಶಯದ ಗಾಳಿಯೂ ಆಗ ಹಾಗೆಯೇ ಬೀಸುತ್ತಿತ್ತು. ದಕ್ಷಿಣ ಮಹಾರಾಷ್ಟ್ರ ಸೀಮೆಗೆ ವಿಶೇಷ ಕಮಿಶನರನಾಗಿ ಬಂದಿದ್ದ ಲೆಗ್ರಾಂಡ್ ಜೇಕಬ್ ಎಂಬವನು ಮುಂದೆ ಬರೆದ ಪುಸ್ತಕದಲ್ಲಿ, ಒಳಸಂಚು ನಡೆಸಿದವರ ಮೌನವನ್ನು ಕಂಡು ಬೆರಗಾಗಿದ್ದಾನೆ. ಒಂದೊಂದು ಗುಂಪೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿತ್ತೆಂದೂ, ನಡುವಿನ ಕೊಂಡಿಗಳಿಗೆ ಬೇಕಾದಷ್ಟನ್ನೇ ಹೊರತು ಹೆಚ್ಚೇನೂ ತಿಳಿಸುತ್ತಿರಲಿಲ್ಲವೆಂದೂ ಆತನ ಹೇಳಿಕೆ. ಜಮಖಂಡಿಯ ರಾಮಚಂದ್ರರಾವ ಅಪ್ಪಾಸಾಹೇಬ ಪಟವರ್ಧನರ ಮೇಲೆಯೂ ಸರಕಾರದ ಕಣ್ಣು ಬಿದ್ದಿತು, ಅವರನ್ನು ಬೆಳಗಾವಿಯಲ್ಲಿ ಸೆರೆಯಲ್ಲಿಟ್ಟರು, ಕಡೆಗೆ ಬಿಟ್ಟರು. ಮತ್ತೆ ಗಾದಿಗೆ ಬಂದು ಅವರು 1897ರ ವರೆಗೆ ಆಳಿದರು. ಆದುದರಿಂದ ನನ್ನ ಶಿಷ್ಯನ ಕಥೆಗೆ ಬುಡವಿಲ್ಲವೆಂದು ಯಾರೂ ಅನ್ನಲಾರರು.

ಆದರೆ ಆ ವರುಷಗಳ ನಿಜವಾದ ಗುಪ್ತಪತ್ರವೊಂದು ಇಲ್ಲಿಂದ ದೂರವಲ್ಲದ ರಾಮದುರ್ಗದಲ್ಲಿಯೇ ಹೊರಬಿದ್ದಿತು. ಅದಕ್ಕೆ ಯಾವ ಪತ್ತೇದಾರನೂ ಬೇಕಾಗಲಿಲ್ಲ. ನರಗುಂದದ ಭಾಸ್ಕರರಾವ ಬಾಬಾಸಾಹೇಬನಿಗೆ ದತ್ತಕ ತೆಗೆದುಕೊಳ್ಳಲು ಸರಕಾರವು ಅಪ್ಪಣೆ ಕೊಡಲಿಲ್ಲ. ಇದು ಅವನ ಎದೆಯಲ್ಲಿ ಕುದಿಯುತ್ತಿತ್ತು. ರಾಮದುರ್ಗದ ಸಂಸ್ಥಾನಿಕನು ಅವನಿಗೆ ಮಲಸಹೋದರ. ಕೂಡಿ ಏಳೋಣವೆಂದು ಬಾಬಾಸಾಹೇಬನು ಅವನಿಗೆ ಬರೆದನು. 1858ರ ಮೇ ತಿಂಗಳ ಕೊನೆಗೆ ಪೊಲಿಟಿಕಲ್ ಏಜಂಟನಾಗಿದ್ದ ಮ್ಯಾನ್ಸನ್ ಸಾಹೇಬನು ರಾಮದುರ್ಗಕ್ಕೆ ಬಂದಾಗ, ರಾಮದುರ್ಗದವನು ಆ ಪತ್ರವನ್ನು ಅವನ ಮುಂದೆ ಬಿಚ್ಚಿ ತೋರಿಸಿ, ನರಗುಂದದ ದಾರಿಯನ್ನು ಹಿಡಿಯಬೇಡಿರೆಂದು ಹೇಳಿದನು. ಸಾಹೇಬನು ಮುಂದೆ ನಡೆದು, ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಜನರಿಂದ ಹತನಾದನು. ಎರಡು ವಾರಗಳಲ್ಲಿ ನರಗುಂದವು ಬಿದ್ದು, ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇದನ್ನು ದ್ರೋಹವೆನ್ನಬೇಕೋ, ತನ್ನ ಸಂಸ್ಥಾನದ ರೈತರ ಮೇಲೆ ತೋಪು ತಿರುಗದಂತೆ ಮಾಡಿದ ಜಾಣತನವೆನ್ನಬೇಕೋ? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ದ್ರೋಹವೆನ್ನಲು ನನ್ನ ನಾಲಗೆ ಏಳುವುದಿಲ್ಲ; ಜಾಣತನವೆಂದು ಹೊಗಳಲು ಮನಸ್ಸು ಒಪ್ಪುವುದಿಲ್ಲ.

ಇರಲಿ. ಹಸ್ತಪ್ರತಿಯನ್ನು ಹಿಂದಕ್ಕೆ ಕೊಡುವಾಗ ನಾನು ಶಿಷ್ಯನನ್ನು ಕೂರಿಸಿಕೊಂಡು ಹಲಗಲಿಯ ಮಾತನ್ನೆತ್ತಿದೆನು.

"ತಮ್ಮಾ, ಹಲಗಲಿಯವರಿಗೆ ಈ ಪತ್ರ ಯಾಕ ಬೇಕು?" ಎಂದು ಕೇಳಿದೆ.

"ಮತ್ತ ಕತಿ ಹೆಂಗ ನಡೀತೈತ್ರಿ, ಸರ?" ಎಂದನು.

ಹಲಗಲಿಯ ಕಥೆಯನ್ನು ನಡೆಯಿಸಿದ್ದು ಗುಪ್ತಪತ್ರವಲ್ಲ, ಡಂಗುರ ಹೊಡೆಯಿಸಿದ ಬಹಿರಂಗ ಹುಕುಮು. 1857ರಲ್ಲಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯದೆಯನ್ನು ಮಾಡಿತು. ಮುಧೋಳ ಸಂಸ್ಥಾನದ ಆ ಸಣ್ಣ ಊರಿನ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ, ಮನೆಯ ದೇವರು ಎಲ್ಲವೂ ಆಗಿದ್ದಿತು. ಕೊಡುವುದಿಲ್ಲವೆಂದರು. ನವೆಂಬರ ಕೊನೆಗೆ ಕರ್ನಲ್ ಮಾಲ್ಕಮನ ಕುದುರೆಯ ದಂಡು ಬಂದು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿ ಬಿದ್ದಿತು. ಸೆರೆ ಸಿಕ್ಕವರಲ್ಲಿ 19 ಮಂದಿಗೆ ಗಲ್ಲಾಯಿತು: ಡಿಸೆಂಬರ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲಿಯೇ ಉಳಿದ 6 ಜನ. ಸ್ವಂತ ಊರಿನಲ್ಲಿ, ಸುಟ್ಟ ಮನೆಗಳ ಮುಂದೆ. ಇವರು ಕಾನ್ಪುರದ ಮುದ್ರೆಗಾಗಿ ಕಾದವರಲ್ಲ. ನಾನಾಸಾಹೇಬನ ಪತ್ರವನ್ನು ಅವರ ಕೈಯಲ್ಲಿಟ್ಟರೆ ಕಥೆಗೆ ಗಾಂಭೀರ್ಯ ಬರುವುದೆಂದು ನನ್ನ ಶಿಷ್ಯನು ತಿಳಿದಿದ್ದನು. ನನ್ನ ಅಭಿಪ್ರಾಯದಲ್ಲಿ ಬರುವುದು ಗಾಂಭೀರ್ಯವಲ್ಲ. ಅವರ ಕೈಯಲ್ಲಿದ್ದ ಒಂದೇ ಒಂದು ಸ್ವತ್ತನ್ನೂ, ಅಂದರೆ ತಮ್ಮ ಸಿಟ್ಟನ್ನು, ಇನ್ನೊಬ್ಬರ ಹೆಸರಿಗೆ ಖಾತೆ ಮಾಡಿಕೊಟ್ಟಂತಾಗುವುದು.

ಇನ್ನು ಸುದ್ದಿ ಮಾರಿದ ಆ ಊರಿನವನ ವಿಷಯ. ಕಾದಂಬರಿಯಲ್ಲಿ ಅವನಿಗೆ ಹೆಸರಿದೆ, ಮನೆತನವಿದೆ, ಮನೆಯು ಯಾವ ಓಣಿಯಲ್ಲಿತ್ತೆಂಬುದೂ ಇದೆ. ಇದನ್ನು ಓದಿದಾಗ ನನಗೆ ಕಥೆಯ ರುಚಿ ಕೆಟ್ಟಿತು. ಹಲಗಲಿಯು ಪಾಟಲಿಪುತ್ರವಲ್ಲ, ಅಲ್ಲಿ ಇಂದಿಗೂ ಜನರಿದ್ದಾರೆ, ಅವರ ಮಕ್ಕಳು ಶಾಲೆಗೆ ಹೋಗುತ್ತಾರೆ, ಸಂತೆಗೆ ಮುಧೋಳಕ್ಕೆ ಬರುತ್ತಾರೆ. ಹಳ್ಳಿಯಲ್ಲಿ ಫಿತೂರಿಯ ಹೆಸರು ಒಮ್ಮೆ ಒಂದು ಮನೆಗೆ ಹತ್ತಿತೆಂದರೆ, ಏಳು ತಲೆಮಾರು ಹೆಣ್ಣು ಕೊಡುವಾಗಲೂ ತರುವಾಗಲೂ ಅದು ಹೊಸ್ತಿಲ ಮೇಲೆ ಕುಳಿತಿರುತ್ತದೆ.

ಚಾಣಕ್ಯನ ಸೂತ್ರವನ್ನು ಹೇಳಿ, "ಈ ಮನುಷ್ಯನ ಮ್ಯಾಲ ಮೂರು ಮಂದಿ ಸಾಕ್ಷಿ ಅದಾರೇನು?" ಎಂದೆ.

"ಒಬ್ರೂ ಇಲ್ರಿ ಸರ. ಒಬ್ಬ ಮೋಸಗಾರ ಇಲ್ಲದಿದ್ರ ಕತಿ ನಿಲ್ಲಂಗಿಲ್ರಿ. ಅದಕ್ಕ ಹಾಕೀನಿ."

"ಆ ಓಣಿಯವರು ಪುಸ್ತಕ ತಗೊಂಡು ನಿನ್ನ ಮನೀಗೆ ಬಂದ್ರ?"

ಆತನು ಸುಮ್ಮನಾದನು. ಬಳಿಕ, "ಹೆಸರಷ್ಟ ತಗದ್ರ ಸಾಲ್ತೈತೇನ್ರಿ?" ಎಂದು ಕೇಳಿದನು. ಸಾಲದೆಂದು ಹೇಳಿದೆನು. ಹೆಸರಿಲ್ಲದ ಪತ್ರವೇ ಹೆಚ್ಚು ಅಪಾಯದ್ದೆಂಬುದು ಮುದ್ರಾರಾಕ್ಷಸವನ್ನು ಓದಿದವರಿಗೆ ಗೊತ್ತು. ಓಣಿಯವರೆಲ್ಲರೂ ಒಬ್ಬರನ್ನೊಬ್ಬರು ನೋಡತೊಡಗುತ್ತಾರೆ.

ಆ ಊರಿನ ಸತ್ತವರು ತಮ್ಮ ಕೈಬರಹವನ್ನು ಬಿಟ್ಟುಹೋದವರಲ್ಲ. ಅವರ ವಿಷಯದಲ್ಲಿ ಉಳಿದಿರುವ ಕಾಗದಗಳು ಅವರನ್ನು ಗಲ್ಲಿಗೆ ಹಾಕಿದವರ ದಫ್ತರಗಳು. ಇದಕ್ಕೆ ಎದುರಾಗಿ ನಿಂತದ್ದು ಒಂದು ಲಾವಣಿ. ಪೂಜಾರಿ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ನಮ್ಮ ಬಾಯಲ್ಲಿ ಉಳಿದದ್ದು ಅದರಿಂದ. ದಂಡಿನವರು ಕೊಳ್ಳೆ ಹೊಡೆದದ್ದನ್ನು ಆ ಲಾವಣಿಕಾರನು ಕೊಡಲಿಯಿಂದ ಹಿಡಿದು ಹಾಲು ಬೆಣ್ಣೆ, ಉಪ್ಪು ಎಣ್ಣೆ, ಅರಿಸಿನ ಜೀರಿಗೆಯ ವರೆಗೆ ಎಣಿಸಿ ಹೇಳಿದ್ದಾನೆ. ಊರನ್ನು ಜಾಲಾಡಿದವರ ಕೈಗೆ ಸಿಕ್ಕದ್ದು ಇಷ್ಟು. ಅಡಿಗೆಮನೆಯ ಈ ಯಾದಿಯನ್ನು ಬಿಟ್ಟು ಗುಪ್ತಪತ್ರವನ್ನು ಕಲ್ಪಿಸುವ ಅಗತ್ಯವೇನಿತ್ತೋ ನಾನರಿಯೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಇರಲಾರೆನು. ಈ ಲಾವಣಿಯನ್ನು ಬರೆದುಕೊಂಡು, ಸಂಗೊಳ್ಳಿ ರಾಯಣ್ಣನ ಲಾವಣಿ ಮೊದಲಾದವುಗಳೊಡನೆ 1885ರಿಂದ ಮುಂದೆ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ನಮ್ಮ ಶಾಸನಗಳ ಮಹಾವಿದ್ವಾಂಸನಾದರೂ ಅದೇ ಸರಕಾರದ ಅಧಿಕಾರಿ. ಶಾಮಶಾಸ್ತ್ರಿಗಳ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವು 1915ರಲ್ಲಿ ಹೊರಟಾಗ ಅದಕ್ಕೆ ಪೀಠಿಕೆ ಬರೆದವನೂ ಆತನೇ. ಗೂಢಚಾರರ ಕೈಪಿಡಿಯೂ ಗಲ್ಲಿಗೇರಿದವರ ಹಾಡೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಹಾದುಹೋದವೆಂಬುದನ್ನು ನನ್ನ ಶಿಷ್ಯನಿಗೆ ಹೇಳಿದಾಗ, "ಇದನ್ನ ಕಾದಂಬರ್ಯಾಗ ಹಾಕಿದ್ರ ಯಾರೂ ನಂಬಂಗಿಲ್ರಿ" ಎಂದು ನಕ್ಕನು.

ಆತನು ಹಲಗಲಿಯ ನಾಲ್ಕು ಅಧ್ಯಾಯಗಳನ್ನು ಕಿತ್ತುಹಾಕಿದ್ದಾನೆ. ಕಥೆಯನ್ನು ಈಗ ರಾಮದುರ್ಗದ ಕಡೆಗೆ ತಿರುಗಿಸಿದ್ದಾನೆ. ಅಲ್ಲಿಯೂ ಕೆಲಸವು ಸುಲಭವಾಗಿಲ್ಲ. ಒಡಹುಟ್ಟಿದವನ ಪತ್ರವನ್ನು ಸಾಹೇಬನ ಮುಂದೆ ಬಿಚ್ಚುವುದಕ್ಕೆ ಮುನ್ನ ಆ ರಾಮದುರ್ಗದವನು ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಏನನ್ನು ಯೋಚಿಸಿದ್ದಾನೆಂಬಲ್ಲಿಗೆ ಬಂದು ಲೇಖನಿಯು ನಿಂತಿದೆಯಂತೆ. ಅವಸರ ಮಾಡಬೇಡವೆಂದು ಹೇಳಿ ಕಳುಹಿಸಿದ್ದೇನೆ.