ಬೀಳಗಿಯ ದಾರಿಯಲ್ಲಿ ಸೈಕಲ್ ಸವಾರಿ

ಬಾಗಲಕೋಟೆ ಸಮೀಪದ ಗದ್ದನಕೇರಿ ಕ್ರಾಸಿನಿಂದ ವಿಜಯಪುರದ ಕಡೆಗೆ ಹೊರಟರೆ ನಿಮಗೆ ಮೊದಲು ಅನಗವಾಡಿಯಲ್ಲಿ ಘಟಪ್ರಭಾ ನದಿ ಎದುರಾಗುತ್ತದೆ. ಮುಂದೆ ಬೀಳಗಿ ಕ್ರಾಸ್. ಅದನ್ನು ದಾಟಿದರೆ ಕೊರ್ತಿ-ಕೊಲ್ಹಾರ ಸೇತುವೆ. ಅದರ ಕೆಳಗೆ ಆಲಮಟ್ಟಿಯ ಹಿನ್ನೀರಿನಿಂದ ಕಡಲಿನಂತೆ ಹರಡಿಕೊಂಡ ಕೃಷ್ಣೆ. ಆಚೆ ದಡದ ಕೊಲ್ಹಾರ ಗಟ್ಟಿ ಮೊಸರಿಗೆ ಹೆಸರುವಾಸಿ.

ಈ ಸೀಮೆ ಸೈಕಲ್ ಪಟುಗಳ ತವರು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದಿದ್ದಾರೆ. ಇನ್ನೊಂದೆಡೆ, 2006-07ರಲ್ಲಿ ಸರಕಾರ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲಾರಂಭಿಸಿದಾಗ ಎಷ್ಟೋ ಮನೆಗಳಿಗೆ ಮೊದಲ ಬಾರಿ ಹುಡುಗಿಯ ಸೈಕಲ್ ಬಂತು.

ಈ ಇಬ್ಬರೂ ಒಟ್ಟಿಗೆ ಸಾಗುವ ಸಂದರ್ಭವೆಂದರೆ ಸಹಾಯಾರ್ಥ ಸೈಕಲ್ ಸವಾರಿ. ಇಂಗ್ಲೆಂಡಿನಲ್ಲಿ ಲಂಡನ್‌ನಿಂದ ಬ್ರೈಟನ್‌ಗೆ ಸುಮಾರು 87 ಕಿ.ಮೀ. ಸಾಗುವ ಸವಾರಿ 1980ರಿಂದಲೂ ಹೃದ್ರೋಗ ಸಂಶೋಧನೆಗೆ ಹಣ ಕೂಡಿಸುತ್ತಾ ಬಂದಿದೆ. ಕೊನೆಯ ಕಡಿದಾದ ಏರಿನಲ್ಲಿ ಅನೇಕರು ಇಳಿದು ಸೈಕಲ್ ತಳ್ಳುತ್ತಾರೆ. ಅದು ಅಲ್ಲಿ ಅವಮಾನವಲ್ಲ.

ಆದರೆ ಇಂಥ ಗುಂಪಿನಲ್ಲಿ ಅಪಾಯವೂ ಇದೆ. ಪಳಗಿದ ಸವಾರರು ಗಾಳಿಯ ಹೊಡೆತ ತಪ್ಪಿಸಿಕೊಳ್ಳಲು ಮುಂದಿನವರ ಗಾಲಿಗೆ ಅಂಟಿದಂತೆ ಸಾಗುತ್ತಾರೆ. ಹೊಸಬರು ತಗ್ಗು ಕಂಡೊಡನೆ ಪಕ್ಕಕ್ಕೆ ಹೊರಳುತ್ತಾರೆ, ಗೆಳತಿಗಾಗಿ ಥಟ್ಟನೆ ನಿಲ್ಲುತ್ತಾರೆ. ಒಬ್ಬರು ಬಿದ್ದರೆ ಹಿಂದಿನ ನಾಲ್ವರು ಬೀಳುತ್ತಾರೆ. ಹಾಗೆ ಬಿದ್ದ ಹುಡುಗಿಯನ್ನು ಮನೆಯವರು ಮತ್ತೆ ಸೈಕಲ್ ಹತ್ತಲು ಬಿಟ್ಟಾರೇ?

ಪರಿಹಾರ ಕಷ್ಟವೇನಲ್ಲ. ವೇಗದವರನ್ನು ಮೊದಲು ಬಿಟ್ಟು, ಸ್ವಲ್ಪ ಹೊತ್ತಿನ ಬಳಿಕ ಉಳಿದವರು ಹೊರಡಲಿ. ಅನುಭವಿಗಳಲ್ಲಿ ಕೆಲವರು ಕಟ್ಟಕಡೆಯ ಸವಾರರ ಜೊತೆಗಿರಲಿ. ಮುಂದೆ ಹೋಗುವವರು ಗಂಟೆ ಬಾರಿಸಿ ಬಲಬದಿಯಿಂದ ಹೋಗಲಿ. ನೀವು ಎಡಕ್ಕೇ ಇರಿ, ನಿಲ್ಲುವುದಾದರೆ ಕೈ ತೋರಿಸಿ ಡಾಂಬರಿನಿಂದ ಕೆಳಗಿಳಿಯಿರಿ. ಬುರ್ಖಾ, ದುಪಟ್ಟಾದ ಅಂಚು ಚೈನಿಗೆ ಸಿಕ್ಕದಂತೆ ಎತ್ತಿ ಕಟ್ಟಿಕೊಳ್ಳಿ. ಸೇತುವೆಯ ಮೇಲೆ ಅಡ್ಡಗಾಳಿ ಇರುತ್ತದೆ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಂದ ದೂರವಿರಿ.

ಪಂದ್ಯಕ್ಕೆ ಬೇರೆ ದಿನಗಳಿವೆ. ಸಹಾಯಕ್ಕೆಂದು ಹೊರಟ ದಿನ ಬಲವುಳ್ಳವರು ತುಸು ನಿಧಾನಿಸಿದರೆ ಅದೂ ಒಂದು ದಾನವೇ. ನಿಮ್ಮೂರಿನಲ್ಲಿ ಇಂಥ ಸವಾರಿ ನಡೆದರೆ ಮಗಳನ್ನು ತಡೆಯಬೇಡಿ. ಕೊನೆಯಲ್ಲಿ ಬರುವವರ ಜೊತೆ ಯಾರಿರುತ್ತಾರೆ ಎಂದು ಸಂಘಟಕರನ್ನು ಕೇಳಿ, ಉತ್ತರ ಸಮಾಧಾನ ತಂದರೆ ಕಳಿಸಿ.