ಚಮಚದ ಗುರ್ತು

ಹೋದ ವರ್ಷ ಮಗಳ ಕಡೆ ಜರ್ಮನಿಗೆ ಹೋದಾಗ ಆಕಿ ಪಿಎಚ್‌ಡಿ ಪ್ರಬಂಧ ಮುಗಸೋ ಗಡಿಬಿಡಿಯೊಳಗ ಇದ್ಲು. ಮುಂಜಾನೆ ಗೈಡ್‌ಗೆ ಕಳಸಬೇಕು, ರಾತ್ರಿ ಹತ್ತಕ್ಕ ನೋಡಿದ್ರ ಬಾಣದ ಚಿತ್ರ ಎಲ್ಲಾ ಕೆಟ್ಟು ಕೂತಾವ.

ಆಕಿ ಬರಿಯೂದು ಲಾಟೆಕ್ ಅನ್ನೂದ್ರಾಗ. ನಾವು ವರ್ಡ್‌ನ್ಯಾಗ ಟೈಪ್ ಮಾಡಿದಂಗಲ್ಲ, ಪುಟ ಹೆಂಗ ಕಾಣಬೇಕಂತ ಅಪ್ಪಣೆ ಬರದು ಕೊಡಬೇಕು. ಚಿತ್ರಕ್ಕ ಟಿಕ್‌ಝೀ ಅಂತ ಬ್ಯಾರೆ ಅದ. ‘ಇಲ್ಲಿಂದ ಅಲ್ಲಿಗೆ ಬಾಣ ಎಳಿ, ಮ್ಯಾಲ ಈ ಅಕ್ಷರ ಹಾಕು’ ಅಂತ ಅದಕ್ಕೂ ಬರದ ಹೇಳಬೇಕು. ಅವತ್ತು ಅದು ‘ಈ ಕೀ ನನಗ ಗೊತ್ತಿಲ್ಲ’ ಅಂತ ಒಂದ ಸಮನ ಇಂಗ್ಲಿಷಿನ್ಯಾಗ ಬೈಲಿಕ್ಕೆ ಹತ್ತಿತ್ತು.

“ಏನಾತವಾ?” ಅಂದೆ.

“ನಿನಗ ತಿಳಿಯೂದಲ್ಲ ಬಿಡವ್ವಾ, ಮಲಕೋ ಹೋಗು.”

ಮನಸಿಗೆ ಚುರ್ ಅಂತು. ಆದ್ರೂ ಏಳಲಿಲ್ಲ. “ನಿನ್ನೆ ಛಲೋ ಬರ್ತಿತ್ತಲ್ಲ, ಇವತ್ತ ಹೊಸಾದೇನ ಹಾಕಿದಿ?” ಅಂದೆ. ಸಾರು ಕೆಟ್ರ ನಾವು ಮೊದಲ ಕೇಳೂದು ಅದನ್ನ ಅಲ್ಲೇನು?

ಸುಮ್ಮನಾದ್ಲು. ಪ್ರಬಂಧ ಇಂಗ್ಲಿಷಿನ್ಯಾಗಿದ್ರೂ ಕಡೀಕ ಜರ್ಮನ್ ಭಾಷಾದಾಗ ಒಂದು ಸಾರಾಂಶ ಬೇಕಿತ್ತಂತ. ಅದಕ್ಕ ಅವತ್ತ ಬೇಬಲ್ ಅನ್ನೂದ್ರೊಳಗ ಜರ್ಮನ್ ಸೇರಿಸಿದ್ಲು. ಆ ಸಾಲು ತಗದ್ಲು, ಬಾಣ ಬಂದ್ವು. ಹಾಕಿದ್ಲು, ಹೋದ್ವು.

ಜರ್ಮನ್‌ದಾಗ ಎ, ಓ, ಯು ಅಕ್ಷರದ ಮ್ಯಾಲ ಎರಡು ಚುಕ್ಕಿ ಬರ್ತಾವ. ಆ ಕೀ ಎಲ್ಲಾ ಕೀಬೋರ್ಡಿನ್ಯಾಗ ಇರೂದಿಲ್ಲ. ಅದಕ್ಕ ಜೋಡಿ ಉದ್ಧರಣ ಚಿಹ್ನೆ ಒತ್ತಿ ಎ ಒತ್ತಿದ್ರ ಚುಕ್ಕಿ ಎ ಆಗೂ ಹಂಗ ಬೇಬಲ್ ಮಾಡಿ ಇಟ್ಟದ. ಟಿಕ್‌ಝೀ ನೋಡಿದ್ರ ಬಾಣದ ಮ್ಯಾಲಿನ ಹೆಸರನ್ನ ಅದ ಚಿಹ್ನೆಯೊಳಗ ಸುತ್ತಿ ಕೊಡು ಅಂತದ. ನಮ್ಮನಿಯೊಳಗ ಹಾಲಿನ ಪಾತೇಲಿ ಮ್ಯಾಲ ಚಮಚ ಅಡ್ಡ ಇಟ್ಟಿದ್ರ ಹೆಪ್ಪು ಹಾಕೇದ, ಮುಟ್ಟಬ್ಯಾಡ್ರಿ ಅಂತ ಗುರ್ತು. ಸೊಸಿ ತವರಿನ್ಯಾಗ ಅಂದ್ರ ಕಾಸಬೇಕು ಅಂತ. ಬಂದ ಹೊಸದಾಗ ಎರಡು ಲೀಟರ್ ಒಡದು ಹೋತು. ಆಕಿದೂ ತಪ್ಪಲ್ಲ, ನನ್ನದೂ ಅಲ್ಲ.

ಉಪಾಯ ಒಂದ ಸಾಲು. ಟಿಕ್‌ಝೀ ಲೈಬ್ರರಿಗಳ ಪೈಕಿ ಬೇಬಲ್ ಅನ್ನೋ ಹೆಸರಿಂದ ಒಂದದ, ಅದನ್ನ ಮೊದಲಿಗೆ ಕರಕೊಂಡ್ರ ಸಾಕು. ಚಿತ್ರ ಬರಿಯೂ ಮುಂದ ಚಿಹ್ನೆ ತನ್ನ ಮೂಲ ಅರ್ಥಕ್ಕ ಬರ್ತದ, ಚಿತ್ರ ಮುಗದ ಮ್ಯಾಲ ಮತ್ತ ಜರ್ಮನ್‌ದು ಆಗ್ತದ. ಫ್ರೆಂಚ್‌ನವರಿಗೆ ಅರ್ಧವಿರಾಮ, ಆಶ್ಚರ್ಯ ಚಿಹ್ನೆ ಕಾಡ್ತಾವಂತ. ಸ್ಪ್ಯಾನಿಷ್‌ನವರಿಗೆ ಬಾಣದ ಮೂತಿನ ಕೆಡತದಂತ!

ಒಂದೂವರಿಗೆ ಕಳಿಸಿದ್ಲು. “ಅವ್ವಾ, ಹಸಿವಿ ಆಗೇದ, ಅವಲಕ್ಕಿ ಹಚ್ಚತೀಯೇನು?” ಅಂದ್ಲು. ಉಳ್ಳಾಗಡ್ಡಿ ಇರಲಿಲ್ಲ, ಹಂಗ ಹಚ್ಚಿ ಕೊಟ್ಟೆ.